‘ಜಿಎಂ ಮುಕ್ತ’ ಸ್ಕೂಲ್ ಊಟ: ಅಡುಗೆ ಚೆನ್ನಾಗಿದೆ, ಎಣ್ಣೆ ಯಾವುದು ಅಂತ ಮಾತ್ರ ಹೇಳುವುದಿಲ್ಲ

ಮಂಗಳೂರಿನಲ್ಲಿ ಶಾಲೆ ಮಕ್ಕಳಿಗೆ ಮಧ್ಯಾಹ್ನದ ಬಿಸಿ ಊಟ ತಲುಪಿಸುವ ಒಂದು ಸರ್ವಿಸ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವರ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ನನಗೆ ಬೇಡ, ಮತ್ತೆ ‘ಜಿಎಂ ಮುಕ್ತ’ (ಅಂದರೆ ಕುಲಾಂತರಿ ಬೆಳೆ ಇಲ್ಲದ್ದು) ಎಂದು ಹೇಳಿಕೊಂಡು ಮಾರುವವರು ಇವರೊಬ್ಬರೇ ಅಲ್ಲ. ನನ್ನ ಮಗ ಮೂರನೇ ಕ್ಲಾಸು, ಅವನ ಶಾಲೆಯಲ್ಲಿ ಸುಮಾರು ಮಕ್ಕಳು ಇವರ ಊಟವನ್ನೇ ತಿನ್ನುತ್ತಾರೆ.

ಮೊದಲು ಊಟದ ವಿಷಯ. ನಿಜವಾಗಿಯೂ ಚೆನ್ನಾಗಿದೆ. ವಾರದಲ್ಲಿ ಮೂರು ದಿನ ಕುಚಲಕ್ಕಿ ಅನ್ನ, ಉಳಿದ ದಿನ ಬೆಳ್ತಿಗೆ. ಮಂಗಳೂರು ಸೌತೆ ಸಾಂಬಾರು, ಹೆಸರುಕಾಳು ಗಸಿ, ಅಲಸಂಡೆ ಪಲ್ಯ, ತೊಂಡೆಕಾಯಿ, ಹರಿವೆ ಸೊಪ್ಪು, ಕೊನೆಗೆ ಮಜ್ಜಿಗೆ. ಕಾಯಿ ಹಾಕುವುದರಲ್ಲಿ ಜಿಪುಣತನ ಇಲ್ಲ, ಖಾರ ಮಕ್ಕಳ ಹದಕ್ಕಿದೆ, ಅನ್ನ ಮುದ್ದೆಯಾಗಿರುವುದಿಲ್ಲ. ಶುಕ್ರವಾರ ಸೋಯಾ ಚಂಕ್ಸ್ ಹಾಕಿದ ಪುಲಾವ್, ಜೊತೆಗೆ ಎರಡು ಗೋಳಿಬಜೆ. ಮನೆಯಲ್ಲಿ ತೊಂಡೆಕಾಯಿ ಬಡಿಸಿದರೆ ತಟ್ಟೆ ದೂಡುವ ಹುಡುಗ ಅಲ್ಲಿ ಪೂರ್ತಿ ತಿಂದು ಬರುತ್ತಾನೆ. ಒಂದು ಊಟಕ್ಕೆ 75 ರೂಪಾಯಿ. ಸ್ವಲ್ಪ ಜಾಸ್ತಿಯೇ, ಆದರೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುವ ಮನೆಗಳಿಗೆ ಇದು ಎಷ್ಟು ಉಪಕಾರ ಅಂತ ಹೇಳಬೇಕಾಗಿಲ್ಲ.

ಇನ್ನು ಪಾಂಪ್ಲೆಟ್. ಸೇರುವಾಗ ಒಂದು ಬಣ್ಣದ ಹಾಳೆ ಕೊಡುತ್ತಾರೆ. ಅದರ ಪ್ರಕಾರ ಮಾರ್ಕೆಟ್‌ನ ತರಕಾರಿ ಎಲ್ಲ ಜಿಎಂ, ಸ್ವೀಟ್ ಕಾರ್ನ್ ಜಿಎಂ, ಬೀಜವಿಲ್ಲದ ಕಲ್ಲಂಗಡಿ ಜಿಎಂ, ರೆಡ್ ಲೇಡಿ ಪಪ್ಪಾಯಿ ಜಿಎಂ, ಸರ್ಕಾರಿ ಶಾಲೆಯ ಬಿಸಿಯೂಟದ ಅಕ್ಕಿಯೂ ಜಿಎಂ. ಇವರ ಊಟ ಮಾತ್ರ ಶುದ್ಧ. ಇದನ್ನು ಓದಿದ ತಾಯಂದಿರು ಹೆದರಿ ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು.

ಈ ಹಾಳೆಯಲ್ಲಿರುವುದು ಹೆಚ್ಚಿನದು ಸುಳ್ಳು. ನಮ್ಮ ದೇಶದಲ್ಲಿ ಬೆಳೆಯಲು ರೈತರ ಕೈಗೆ ಬಂದಿರುವ ಜಿಎಂ ಬೆಳೆ ಒಂದೇ, ಹತ್ತಿ, ಅದೂ 2002ರಿಂದ. ಅಕ್ಕಿ, ಬೇಳೆ, ತರಕಾರಿ ಯಾವುದಕ್ಕೂ ಒಪ್ಪಿಗೆ ಇಲ್ಲ. ಸಾಸಿವೆಗೆ 2022ರಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರಲ್ಲಿ ಬೇರೆ ಬೇರೆ ತೀರ್ಪು ಬರೆದರು, ಹಾಗಾಗಿ ಅದು ರೈತರ ಕೈಗೆ ಬಂದಿಲ್ಲ. ಹೊರದೇಶದಿಂದ ಬರುವ 24 ಬೆಳೆಗಳಿಗೆ ‘ಜಿಎಂ ಅಲ್ಲ’ ಎಂಬ ಸರ್ಟಿಫಿಕೇಟ್ ಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಆದೇಶ ಮಾಡಿದೆ. ಕದ್ದು ಬೆಳೆದದ್ದು ಸಿಕ್ಕಿದ್ದೂ ಇದೆ, 2019ರಲ್ಲಿ ಹರಿಯಾಣದಲ್ಲಿ ಬಿಟಿ ಬದನೆ (ಕೀಟ ತಡೆಯಲು ಒಂದು ಬ್ಯಾಕ್ಟೀರಿಯಾದ ಜೀನು ಸೇರಿಸಿದ ಬದನೆ) ಸಿಕ್ಕಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸ್ವೀಟ್ ಕಾರ್ನ್, ಬೀಜವಿಲ್ಲದ ಕಲ್ಲಂಗಡಿ, ರೆಡ್ ಲೇಡಿ ಇವೆಲ್ಲ ತಳಿ ಬೆರೆಸಿ ಮಾಡಿದವು. ಸಾಮಾನ್ಯವಾಗಿ ಬೇರೆ ಜೀವಿಯ ಜೀನನ್ನು ಲ್ಯಾಬಿನಲ್ಲಿ ಸೇರಿಸಿ ಮಾಡಿದ್ದು ಜಿಎಂ. ಹೈಬ್ರಿಡ್ ಎಂದ ಕೂಡಲೇ ಜಿಎಂ ಅಂದುಕೊಳ್ಳುವುದು ನಮ್ಮಲ್ಲಿ ತುಂಬ ಇದೆ, ಈ ಸರ್ವಿಸ್‌ನವರು ಅದನ್ನೇ ಬಳಸಿಕೊಂಡಿದ್ದಾರೆ. ಹಾಗೆ ನೋಡಿದರೆ ಇವರ ಸೌತೆ ಸಾಂಬಾರು ಎಷ್ಟು ಜಿಎಂ ಮುಕ್ತವೋ ಹಂಪನಕಟ್ಟೆಯ ಯಾವುದೇ ಹೋಟೆಲಿನ ಸೌತೆ ಸಾಂಬಾರೂ ಅಷ್ಟೇ ಜಿಎಂ ಮುಕ್ತ.

ಬದನೆಯ ಕತೆ ನಮ್ಮ ಜಿಲ್ಲೆಗಳವರು ಮರೆಯಬಾರದು. ಹಾಳೆಯಲ್ಲಿ ಅದರ ಸುದ್ದಿಯೇ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಟಿ ಜೀನ್ ಸೇರಿಸಿದ ಬದನೆಗಳಲ್ಲಿ ನಮ್ಮ ಉಡುಪಿಯ ಗುಳ್ಳವೂ ಇತ್ತು. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಎಂದು ಉಡುಪಿ ಹತ್ತಿರದ ಮಟ್ಟು ಊರಿನ ಜನ ನಂಬಿ ಕಾಪಾಡಿಕೊಂಡು ಬಂದ ಗುಳ್ಳ ಅದು! 2009ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ ಸಮಿತಿಯ ಒಪ್ಪಿಗೆ ಸಿಕ್ಕಿತು, ಆಮೇಲೆ ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಜನರ ಅಭಿಪ್ರಾಯ ಕೇಳಿ, 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಆ ತಡೆ ತೆಗೆದಿಲ್ಲ. ಸ್ಥಳೀಯ ತಳಿಗಳನ್ನು ಅನುಮತಿ ಇಲ್ಲದೆ ಬಳಸಿದ ಆರೋಪದಲ್ಲಿ 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೂ ಹೊರಟಿತು. ಅದೇ ವರ್ಷ ಮಟ್ಟುಗುಳ್ಳಕ್ಕೆ ಜಿಐ ಮಾನ್ಯತೆ (ಆ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತು) ಬಂತು. ನನಗೆ ಜಿಎಂ ಬಗ್ಗೆ ದೊಡ್ಡ ತಕರಾರು ಇರುವುದು ಇಲ್ಲಿ. ತಿಂದರೆ ಏನಾಗುತ್ತದೆ ಎನ್ನುವುದು ಆಮೇಲಿನ ಮಾತು, ಬೀಜ ಯಾರದ್ದು, ಕೇಳಿ ತೆಗೆದುಕೊಂಡರಾ ಎನ್ನುವುದು ಮೊದಲಿನದು.

ತಿನ್ನುವ ಬಗ್ಗೆಯೂ ಹೇಳುತ್ತೇನೆ. ಈಗ ಮಾರುಕಟ್ಟೆಯಲ್ಲಿರುವ ಜಿಎಂ ಆಹಾರ ತಿಂದವರಿಗೆ ಮಾಮೂಲಿ ಆಹಾರಕ್ಕಿಂತ ಹೆಚ್ಚು ಅಪಾಯ ಇದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ ಎಂದು 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿ ಹೇಳಿತು. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿದೆ, ಅಲ್ಲಿ ಗದ್ದೆಗೆ ಕೀಟನಾಶಕ ಹೊಡೆಯುವುದು ಕಡಿಮೆಯಾಗಿದೆ ಎಂದು ಅಧ್ಯಯನಗಳಿವೆ. ಇದನ್ನು ಒಪ್ಪಿಕೊಂಡೂ, ನನ್ನ ಮಗನಿಗೆ ಏನು ಬಡಿಸುತ್ತಿದ್ದೀರಿ ಎಂದು ಕೇಳುವ ಹಕ್ಕು ನನಗೆ ಇದೆ.

ಹಾಳೆಯಲ್ಲಿ ನನಗೆ ಸಿಟ್ಟು ಬರಿಸಿದ್ದು ಬಿಸಿಯೂಟದ ಅಕ್ಕಿಯ ಸಾಲು. ಅಲ್ಲಿ ಕೊಡುತ್ತಾ ಬಂದದ್ದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ, ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸುತ್ತಾರೆ. ಜೀನಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಕಾಳು ನೀರಿನಲ್ಲಿ ತೇಲಿದರೆ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಸುದ್ದಿ ಹಬ್ಬಿಸುವವರು ಮೊದಲೇ ಇದ್ದಾರೆ, ಈಗ ಇದೂ ಸೇರಿತು. ಬಿಸಿಯೂಟವನ್ನೇ ನಂಬಿ ಶಾಲೆಗೆ ಬರುವ ಮಕ್ಕಳಿದ್ದಾರೆ. ಅವರ ತಟ್ಟೆಗೆ ಅನುಮಾನ ಹಾಕಿ ತಮ್ಮ ಊಟ ಮಾರುವುದು ಸರಿಯಲ್ಲ.

ಹಾಗಾದರೆ ಮಕ್ಕಳ ಊಟದಲ್ಲಿ ಜಿಎಂ ನಿಜಕ್ಕೂ ಬರುವ ದಾರಿ ಯಾವುದು? ಎಣ್ಣೆ. ಹೊರಗಿನಿಂದ ಬರುವ ಸೋಯಾ ಎಣ್ಣೆ ಹೆಚ್ಚಾಗಿ ಅರ್ಜೆಂಟೀನಾ, ಬ್ರೆಜಿಲ್‌ನದು, ಅಲ್ಲಿ ಬೆಳೆಯುವ ಸೋಯಾ ಬಹುಪಾಲು ಜಿಎಂ. ಹತ್ತಿಬೀಜದ ಎಣ್ಣೆ ನಮ್ಮದೇ ಬಿಟಿ ಹತ್ತಿಯದು. ರಿಫೈನ್ ಮಾಡಿದ ಮೇಲೆ ಎಣ್ಣೆಯಲ್ಲಿ ಜೀನು, ಪ್ರೋಟೀನು ಹೆಚ್ಚು ಕಡಿಮೆ ಉಳಿಯುವುದೇ ಇಲ್ಲ, ಹಾಗಾಗಿ ಭಯ ಪಡಬೇಕಾಗಿಲ್ಲ. ಆದರೆ ‘ಜಿಎಂ ಮುಕ್ತ’ ಎಂದು ಬರೆದುಕೊಂಡು ಅದಕ್ಕೆ ದುಡ್ಡು ತೆಗೆದುಕೊಳ್ಳುವವರು ಉತ್ತರ ಕೊಡಬೇಕಾದ ಜಾಗ ಇದೊಂದೇ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ, ಪಾಮೋಲಿನ್ ಇವು ಯಾವುದೂ ಜಿಎಂ ಅಲ್ಲ. ಶುಕ್ರವಾರದ ಚಂಕ್ಸ್ ಊರಿನ ಸೋಯಾದ್ದಾದರೆ ಅದೂ ಅಲ್ಲ.

ಗೋಳಿಬಜೆ ಯಾವುದರಲ್ಲಿ ಕರೀತೀರಿ ಅಂತ ಫೋನ್ ಮಾಡಿ ಕೇಳಿದೆ. “ಒಳ್ಳೆ ಕಂಪನಿದು ರಿಫೈನ್ಡ್ ಅಕ್ಕಾ, ನೀವು ಟೆನ್ಶನ್ ಮಾಡ್ಬೇಡಿ” ಅಂದರು. ಯಾವ ರಿಫೈನ್ಡ್ ಅಂದೆ. ನೋಡಿ ಹೇಳ್ತೇವೆ ಅಂದರು. ಆಮೇಲೆ ಕೇಳಿದಾಗಲೂ ಅದೇ ಉತ್ತರ. ಅಡುಗೆಮನೆ ನೋಡಬಹುದಾ ಎಂದರೆ ಪೇರೆಂಟ್ಸ್‌ಗೆ ಬಿಡುವುದಿಲ್ಲವಂತೆ. ಟಿನ್ನಿನ ಒಂದು ಫೋಟೋ ಸಾಕಿತ್ತು, ಅಲ್ವಾ? ಅದರ ಮೇಲೆ ಎಲ್ಲ ಬರೆದಿರುತ್ತದೆ. ಎರಡು ನಿಮಿಷದ ಕೆಲಸ.

ಇಷ್ಟಕ್ಕೆ ಯಾಕೆ ಹಠ ಎಂದು ಮನೆಯಲ್ಲೂ ಕೇಳಿದರು. ಹೇಳದೆ ಬಡಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಚೀನಾದ ಹುನಾನ್ ಪ್ರಾಂತ್ಯದ ಉದಾಹರಣೆ ಇದೆ. 2008ರಲ್ಲಿ ಅಲ್ಲಿ ಆರರಿಂದ ಎಂಟು ವರ್ಷದ ಶಾಲಾ ಮಕ್ಕಳಿಗೆ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧನೆಯಲ್ಲಿ ಗೋಲ್ಡನ್ ರೈಸ್ ತಿನ್ನಿಸಿದರು. ವಿಟಮಿನ್ ಎ ಸಿಗಲಿ ಎಂದು ಮಾಡಿದ ಜಿಎಂ ಅಕ್ಕಿ ಅದು. ಉದ್ದೇಶ ಒಳ್ಳೆಯದೇ, ಅನ್ನದಿಂದ ಮಕ್ಕಳಿಗೆ ತೊಂದರೆ ಆಯಿತು ಎಂದೂ ಇಲ್ಲ. ಆದರೆ ಅದು ಜಿಎಂ ಅಕ್ಕಿ ಎಂದು ತಂದೆತಾಯಿಗೆ ಸರಿಯಾಗಿ ಹೇಳಿರಲಿಲ್ಲ. 2012ರಲ್ಲಿ ವಿಷಯ ಹೊರಬಿದ್ದಾಗ ಅಧಿಕಾರಿಗಳ ಕೆಲಸ ಹೋಯಿತು, 2015ರಲ್ಲಿ ಆ ಸಂಶೋಧನಾ ಲೇಖನವನ್ನೇ ಪತ್ರಿಕೆ ಹಿಂದಕ್ಕೆ ಪಡೆಯಿತು. ಇಲ್ಲಿ ಯಾರೂ ಪ್ರಯೋಗ ಮಾಡುತ್ತಿಲ್ಲ, ಗೊತ್ತು. ಆದರೂ ಮಗುವಿನ ಬಾಯಿಗೆ ಹೋಗುವುದನ್ನು ಅದರ ಅಪ್ಪ ಅಮ್ಮನಿಗೆ ಹೇಳಬೇಕು, ಕೇಳಿದಾಗಲಂತೂ ಹೇಳಲೇಬೇಕು.

ಊಟಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಹಾಳೆಗೆ ಏನೂ ಕೊಡುವುದಿಲ್ಲ. ಮಗನನ್ನು ಬಿಡಿಸಿಲ್ಲ, ಅವನಿಗೆ ಅಲ್ಲಿಯ ಗಸಿ ಇಷ್ಟ. ಶುಕ್ರವಾರ ಮಾತ್ರ ಮನೆಯಿಂದ ಡಬ್ಬಿ ಕಳಿಸುತ್ತಿದ್ದೇನೆ. ಸೇರಿಸುವ ಯೋಚನೆ ಇದ್ದವರು ಮೊದಲು ಒಂದು ವಾರದ ಟ್ರಯಲ್ ಕೇಳಿ, ಕೊಡುತ್ತಾರೆ. ರಜೆ ಇದ್ದರೆ ಹಿಂದಿನ ದಿನ ಸಂಜೆ ಐದರೊಳಗೆ ಮೆಸೇಜ್ ಹಾಕಿದರೆ ಆ ದಿನದ ದುಡ್ಡು ಕಟ್ ಆಗುವುದಿಲ್ಲ. ಜೊತೆಗೆ ಎಣ್ಣೆ ಯಾವುದು ಅಂತ ನೀವೂ ಕೇಳಿ, ಹತ್ತು ಮನೆಯವರು ಕೇಳಿದರೆ ಟಿನ್ನಿನ ಫೋಟೋ ಕಳಿಸಲೇಬೇಕಾಗುತ್ತದೆ.