ಸತುವಿನ ಬ್ಯಾಟರಿಗೆ ಗ್ಲೂಕೋಸಾ, ಪಿಇಜಿನಾ?

ದಾವಣಗೆರೆಯ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಸತುವಿನ ಬ್ಯಾಟರಿ ಆರಿಸಿಕೊಂಡರೆ ಮೊದಲು ಬರುವ ಪ್ರಶ್ನೆ, ಬ್ಯಾಟರಿಯ ದ್ರಾವಣಕ್ಕೆ ಗ್ಲೂಕೋಸ್ ಬೆರೆಸೋದಾ, ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್) ಬೆರೆಸೋದಾ ಅನ್ನೋದು. ಬರೀ ಸತುವಿನ ಸಲ್ಫೇಟ್ ದ್ರಾವಣದಲ್ಲಿ ಚಾರ್ಜ್ ಮಾಡುತ್ತಾ ಹೋದರೆ ಸತು ಸಮನಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆದು, ಸೆಪರೇಟರ್ (ಎರಡು ಧ್ರುವಗಳ ನಡುವಿನ ತೆಳು ಪದರ) ಚುಚ್ಚಿ ಶಾರ್ಟ್ ಮಾಡುತ್ತದೆ. ಜೊತೆಗೆ ನೀರು ಒಡೆದು ಹೈಡ್ರೋಜನ್ ಗುಳ್ಳೆ ಬೇರೆ. ಇವನ್ನು ತಡೆಯೋಕೇ ಈ ಬೆರಕೆ.

ಗ್ಲೂಕೋಸ್, ಸತುವಿನ ಅಯಾನನ್ನು ಸುತ್ತಿರುವ 6 ನೀರಿನ ಅಣುಗಳಲ್ಲಿ ಒಂದನ್ನು ಸರಿಸಿ ತಾನು ಕೂರುತ್ತದೆ, ಹಾಗಾಗಿ ನೀರು ಒಡೆಯೋದು ಕಡಿಮೆ. ಅಗ್ಗ ಕೂಡ. ಆದರೆ ಲ್ಯಾಬಿನದೇ ತಗೊಳ್ಳಿ, ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯಲ್ಲಿ ಬೇರೆ ಏನೇನೋ ಸೇರಿರಬಹುದು.

ಪಿಇಜಿ ಲೋಹದ ಮೇಲೇ ಅಂಟಿಕೊಂಡು ಸತು ಒಂದೇ ಕಡೆ ಗುಡ್ಡೆಯಾಗದಂತೆ ತಡೆಯುತ್ತದೆ. ಜಾಸ್ತಿ ಹಾಕಿದರೆ ದ್ರಾವಣ ಮಂದವಾಗಿ ಅಯಾನುಗಳ ಓಡಾಟ ನಿಧಾನ. ಮೊದಲ ಸಲಕ್ಕೆ ನನ್ನ ಓಟು ಗ್ಲೂಕೋಸಿಗೇ.

ಕ್ಯಾಥೋಡ್ (ಧನ ಧ್ರುವ) ಮ್ಯಾಂಗನೀಸ್ ಡೈಆಕ್ಸೈಡ್ ಆಗಿದ್ದರೆ 0.1 ಮೋಲಾರ್ ಮ್ಯಾಂಗನೀಸ್ ಸಲ್ಫೇಟ್ ಕೂಡ ಸೇರಿಸಿ. ಅದು ಕ್ಯಾಥೋಡ್ ಕರಗೋದಕ್ಕೆ ಮದ್ದು, ಮುಳ್ಳಿಗಲ್ಲ.