ಆಗುಂಬೆ ದಾರಿಯ ಊಟದ ಹೋಟೆಲು: ಕೇಳಿ ಬಡಿಸುವವರು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಈ ಪುಟ್ಟ ಹೋಟೆಲಿನಲ್ಲಿ ಅನ್ನ, ಸಾರು, ತಂಬುಳಿ ಚೆನ್ನಾಗಿವೆ. ಅದಕ್ಕಿಂತ ಮೆಚ್ಚಬೇಕಾದದ್ದು ಬಡಿಸುವವರ ನಡತೆ. ಎಲೆ ಹಾಕಿದ ಕೂಡಲೇ 'ಈರುಳ್ಳಿ, ಬೆಳ್ಳುಳ್ಳಿ ಆಗುತ್ತಾ?' ಎನ್ನುತ್ತಾರೆ, ಜಾತಿ ಕೇಳುವುದಿಲ್ಲ. ಬೇಡವೆಂದವರಿಗೆ ಇಂಗಿನ ಒಗ್ಗರಣೆಯ ಸಾರು, ಅದಕ್ಕೆ ಬೇರೆಯದೇ ಸೌಟು. ಸಾಂಬಾರಿನ ಸೌಟನ್ನೇ ಅದಕ್ಕೂ ಅದ್ದಿದರೆ ಕೇಳಿದ್ದೆಲ್ಲ ದಂಡ; ಬಹಳ ಕಡೆ ಎಡವುವುದು ಇಲ್ಲೇ. ಗೆಡ್ಡೆ ತಿನ್ನದ ಜೈನರಿಗೆ ಆಲೂಗಡ್ಡೆ ಬದಲು ಬಾಳೆಕಾಯಿ ಪಲ್ಯ.

ತೋಟದ ಕೆಲಸದವರಿಗೂ ಕಾರಿನಲ್ಲಿ ಬಂದವರಿಗೂ ಒಂದೇ 'ಬನ್ನಿ, ಕೂತ್ಕೊಳ್ಳಿ'. ಕನ್ನಡ ಬಾರದವರಿಗೆ ದನಿ ಏರಿಸದೆ, ಪಾತ್ರೆಯನ್ನೇ ಎದುರಿಗೆ ತಂದು ತೋರಿಸುತ್ತಾರೆ. ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಮರ್ಯಾದೆ!

ಮಧ್ಯಾಹ್ನ 1.30ರ ನೂಕುನುಗ್ಗಲಲ್ಲಿ ಕೇಳುವುದು ಮರೆಯುತ್ತದೆ. ನೀವೇ ಮೊದಲು ಹೇಳಿಬಿಡಿ. ಕೈ ತೊಳೆಯುವಲ್ಲಿನ 2 ಮೆಟ್ಟಿಲಿಗೆ ಹಿಡಿಕೆ ಬೇಕೇ ಬೇಕು, ಮಳೆಗಾಲದಲ್ಲಿ ವಯಸ್ಸಾದವರಿಗೆ ಜಾರುತ್ತದೆ.