ನೋಟರಿ ನೇಮಕಾತಿ ವ್ಯವಸ್ಥೆ: ಶಿರಸಿ, ಕಾರವಾರದ ವಕೀಲರಿಗೆ ಎಷ್ಟು ಅನುಕೂಲ?

ನಿಯಮ ಸ್ಪಷ್ಟ, ಓಡಾಟ ಜಾಸ್ತಿ. ಐದಕ್ಕೆ ಮೂರು ಅಂಕ ಕೊಡಬಹುದು.

ನೋಟರಿ ಆಗಲು, ಅಂದರೆ ಕಾಗದಪತ್ರ ದೃಢೀಕರಿಸುವ ಅಧಿಕಾರ ಪಡೆಯಲು, ಬರವಣಿಗೆಯ ಪರೀಕ್ಷೆ ಇಲ್ಲ. 1952ರ ನೋಟರಿ ಕಾಯ್ದೆ ಮತ್ತು 1956ರ ನಿಯಮಗಳ ಪ್ರಕಾರ ವಕೀಲರಾಗಿ ಕನಿಷ್ಠ 10 ವರ್ಷ ಪ್ರಾಕ್ಟೀಸ್ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಈ ರಿಯಾಯಿತಿ ನಿಜಕ್ಕೂ ಒಳ್ಳೆಯದು. ಎಲ್‌ಎಲ್‌ಬಿ ಮುಗಿದ ವರ್ಷದಿಂದ ಲೆಕ್ಕ ಹಾಕಬೇಡಿ, ಸನ್ನದು (ವಕೀಲಿಕೆಯ ಪರವಾನಗಿ) ಸಿಕ್ಕ ಮೇಲಿನ ಪ್ರಾಕ್ಟೀಸ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಡುವೆ ಬೇರೆ ನೌಕರಿಗೆ ಹೋಗಿ ಬಂದವರು ಆ ವರ್ಷಗಳನ್ನೂ ಸೇರಿಸಿ ಬರೆದರೆ ಅರ್ಜಿ ಅಲ್ಲೇ ಕುಂಟುತ್ತದೆ. ವಕಾಲತ್ತು ಹಾಕಿದ ಪ್ರಕರಣಗಳ ಆದೇಶದ ನಕಲನ್ನು ವರ್ಷವಾರು ಜೋಡಿಸಿಟ್ಟುಕೊಳ್ಳಿ.

ಹೆಚ್ಚು ಜನ ಸಿಕ್ಕಿಬೀಳುವುದು ಮೇಲುಸಹಿಯಲ್ಲಿ. ಮೆಮೋರಿಯಲ್ ಎಂದು ಕರೆಯುವ ಈ ಅರ್ಜಿಗೆ ನಿಮ್ಮ ಸಹಿಯ ಜೊತೆ ಒಬ್ಬ ಮ್ಯಾಜಿಸ್ಟ್ರೇಟ್, ಒಬ್ಬ ರಾಷ್ಟ್ರೀಕೃತ ಬ್ಯಾಂಕ್ ಮ್ಯಾನೇಜರ್, ಒಬ್ಬ ವ್ಯಾಪಾರಸ್ಥ, ಊರಿನ ಇಬ್ಬರು ಗಣ್ಯರು ಹೀಗೆ ಐದು ಜನರ ಸಹಿ ಬೇಕು. ಶಿರಸಿ, ಸಿದ್ದಾಪುರದ ಕಡೆ ಬಹಳಷ್ಟು ಜನರ ವ್ಯವಹಾರ ಸೊಸೈಟಿಯಲ್ಲೇ. ಆದರೆ ಸೊಸೈಟಿ ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ ಅವರ ಸಹಿ ಇಲ್ಲಿ ನಡೆಯದು. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮ್ಯಾನೇಜರ್ ಹೊಸದಾಗಿ ವರ್ಗವಾಗಿ ಬಂದಿದ್ದರೆ ಗುರುತಿಲ್ಲದವರ ಕಾಗದಕ್ಕೆ ಸಹಿ ಹಾಕಲು ಹಿಂಜರಿಯುವುದು ಸಹಜ. ನಿಮ್ಮ ಖಾತೆ ಇರುವ ಶಾಖೆಗೇ ಹೋಗಿ. ವ್ಯಾಪಾರಸ್ಥರ ಸಹಿ ಏಕೆಂದು ಕೇಳುವವರಿದ್ದಾರೆ. ಹುಂಡಿ (ವ್ಯಾಪಾರದಲ್ಲಿ ಹಣ ಪಾವತಿಗೆ ಬರೆದುಕೊಡುವ ಪತ್ರ), ಪ್ರಾಮಿಸರಿ ನೋಟಿನ (ಸಾಲ ತೀರಿಸುವ ವಾಗ್ದಾನ ಪತ್ರದ) ಹಣ ಬಾರದಿದ್ದಾಗ ಅದನ್ನು ದಾಖಲಿಸುವುದು ನೋಟರಿಯ ಮೂಲ ಕೆಲಸಗಳಲ್ಲೊಂದು, ಹಾಗಾಗಿ ಪೇಟೆಯವರ ನಂಬಿಕೆಗೂ ಬೆಲೆ ಇದೆ. ಅಡಿಕೆ ಪೇಟೆಯ ಊರಿನಲ್ಲಿ ಈ ಸಹಿಗೆ ಅಲೆಯಬೇಕಾಗಿಲ್ಲ.

ಹೆಸರು ಸನ್ನದಿನಲ್ಲಿ ‘ಹೆಗಡೆ’, ಆಧಾರಿನಲ್ಲಿ ‘ಹೆಗ್ಡೆ’ ಎಂದಿದ್ದರೆ ಮೊದಲೇ ಸರಿಮಾಡಿಸಿ. ಭಟ್ಟ, ಭಟ್ ಎಂದು ಎರಡು ಥರ ಬರೆಸಿದವರಿಗೂ ಇದೇ ಮಾತು.

ಅರ್ಜಿ ಹೋಗಬೇಕಾದದ್ದು ಜಿಲ್ಲಾ ನ್ಯಾಯಾಧೀಶರ ಅಥವಾ ನೀವು ಪ್ರಾಕ್ಟೀಸ್ ಮಾಡುವ ಕೋರ್ಟಿನ ನ್ಯಾಯಾಧೀಶರ ಮೂಲಕ. ಪ್ರಧಾನ ಜಿಲ್ಲಾ ನ್ಯಾಯಾಲಯ ಇರುವುದು ಕಾರವಾರದಲ್ಲಿ. ಶಿರಸಿಯಿಂದ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಮೀರಿದ ದಾರಿ, ಮಳೆಗಾಲದಲ್ಲಂತೂ ಒಂದು ದಿನ ಪೂರ್ತಿ ಹೋಯಿತೆಂದೇ ಲೆಕ್ಕ. ಆದ್ದರಿಂದ ‘ಅಥವಾ’ ಎಂಬ ಆ ಪದ ಘಟ್ಟದ ಮೇಲಿನವರಿಗೆ ದೊಡ್ಡ ಉಪಕಾರ. ಆದರೂ ಎಲ್ಲಿಗೆ ಸಲ್ಲಿಸಬೇಕು ಎಂದು ನೇಮಕಾತಿಯ ಅಧಿಸೂಚನೆಯಲ್ಲಿ ಓದಿಕೊಂಡೇ ಹೊರಡಿ. ರಾಜ್ಯ ಸರ್ಕಾರದ ನೋಟರಿ ಬೇರೆ, ಕೇಂದ್ರದ್ದು ಬೇರೆ. ಕೇಂದ್ರದ ದಾರಿಯಲ್ಲಿ ಸಂದರ್ಶನ ಮಂಡಳಿ ಇರುತ್ತದೆ.

ಅಂಕ ಕಡಿಮೆಯಾಗಲು ಮುಖ್ಯ ಕಾರಣ ಇದು: ಅರ್ಹತೆ ಇದ್ದ ಮಾತ್ರಕ್ಕೆ ನೇಮಕವಾಗುವುದಿಲ್ಲ. ಪ್ರತಿ ರಾಜ್ಯಕ್ಕೂ ನೋಟರಿಗಳ ಸಂಖ್ಯೆಯ ಮಿತಿ ಇದೆ. ನೀವು ಆ ಊರಿನಲ್ಲೇ ವಾಸವಿದ್ದೀರಾ, ಅಲ್ಲಿ ವ್ಯಾಪಾರ ಎಷ್ಟು, ಈಗಾಗಲೇ ಎಷ್ಟು ನೋಟರಿಗಳಿದ್ದಾರೆ, ವಾಣಿಜ್ಯ ಕಾನೂನು ನಿಮಗೆಷ್ಟು ಗೊತ್ತು ಎಂದೆಲ್ಲ ತೂಗಿ ನೋಡುತ್ತಾರೆ. ಕಾಗದಪತ್ರ ಅಚ್ಚುಕಟ್ಟಾಗಿದ್ದೂ ಕಾಯಬೇಕಾಗುವುದು ಇದರಿಂದ.

ನೇಮಕವಾದ ಮೇಲೆ ನೋಟರಿ ಕೆಲಸ ಮಾಡಲು ಕೊಡುವ ಪ್ರಮಾಣಪತ್ರ 5 ವರ್ಷಕ್ಕೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 6 ತಿಂಗಳ ಮೊದಲೇ ಕೊಡಬೇಕು. ಆ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸೀಲು 5 ಸೆಂಟಿಮೀಟರ್ ವ್ಯಾಸದ, ಚಿತ್ರಗಳಿಲ್ಲದ ದುಂಡು ಮುದ್ರೆ. ಅದರಲ್ಲಿ ಹೆಸರು, ಕಾರ್ಯವ್ಯಾಪ್ತಿ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ನೋಂದಣಿ ಸಂಖ್ಯೆ ಕೈಗೆ ಬರುವ ಮುನ್ನ ಸೀಲು ಮಾಡಿಸಲು ಕೊಡಬೇಡಿ.